ಎ ಪ್ಯಾಸೇಜ್ ಟು ಇಂಡಿಯಾ ಚಲನಚಿತ್ರದ ಚಿತ್ರೀಕರಣ ಸ್ಥಳಗಳು

ಎ ಪ್ಯಾಸೇಜ್ ಟು ಇಂಡಿಯಾ 1984ರಲ್ಲಿ ತೆರೆಕಂಡ ಇಂಗ್ಲಿಷ್ ಭಾಷೆಯ ಐತಿಹಾಸಿಕ ಕಥಾಚಿತ್ರ. ಇ. ಎಂ. ಫಾರ್ಸ್ಟರ್ ಅವರು 1924ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಚಿತ್ರವು ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರ ಕೊನೆಯ ಕೃತಿ. ಕಥೆ ನಡೆಯುವುದು 1920ರ ದಶಕದಲ್ಲಿ, ಗಂಗಾನದಿಯ ದಡದಲ್ಲಿರುವ ಚಂದ್ರಾಪುರವೆಂಬ ಕಲ್ಪಿತ ಊರಿನಲ್ಲಿ ಮತ್ತು ಅದರ ಸಮೀಪದ ಮಾರಬಾರ್ ಎಂಬ ಕಲ್ಪಿತ ಬೆಟ್ಟದಲ್ಲಿ. ಆದರೆ ಪ್ರೇಕ್ಷಕರು ತೆರೆಯ ಮೇಲೆ ಕಾಣುವ ಆ ಬೆಟ್ಟ ಕರ್ನಾಟಕದ್ದು. ಮಾಗಡಿ ತಾಲ್ಲೂಕಿನ ಸಾವನದುರ್ಗ ಮತ್ತು ರಾಮನಗರದ ಸಮೀಪದ ರಾಮದೇವರಬೆಟ್ಟಗಳು ಮಾರಬಾರ್ ಆಗಿ ಕಾಣಿಸಿಕೊಂಡಿವೆ. ಚಂದ್ರಾಪುರದ ಬೀದಿಗಳು ಬೆಂಗಳೂರು ಅರಮನೆಯ ಆವರಣದಲ್ಲಿ ಎದ್ದವು. ರೈಲು ಪ್ರಯಾಣವನ್ನು ನೀಲಗಿರಿಯಲ್ಲಿಯೂ ಅಂತ್ಯದ ದೃಶ್ಯಗಳನ್ನು ಕಾಶ್ಮೀರದ ಶ್ರೀನಗರದಲ್ಲಿಯೂ ಚಿತ್ರೀಕರಿಸಲಾಯಿತು. ಒಳಾಂಗಣ ದೃಶ್ಯಗಳಲ್ಲಿ ಕೆಲವು ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ ಸಿದ್ಧವಾದವು.

ಕಾದಂಬರಿಯು ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿರುವುದರಿಂದ ಮಾರಬಾರ್ ಗುಹೆಗಳು ಎಲ್ಲಿವೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಕಾದಂಬರಿಯ ಗುಹೆ, ಅದಕ್ಕೆ ಪ್ರೇರಣೆಯಾದ ಗುಹೆ, ಚಲನಚಿತ್ರದ ಗುಹೆ ಈ ಮೂರೂ ಬೇರೆ ಬೇರೆ ಎಂಬುದನ್ನು ಗಮನಿಸದಿದ್ದರೆ ಗೊಂದಲ ತಪ್ಪದು.

ಹಿನ್ನೆಲೆ

ಫಾರ್ಸ್ಟರ್ ಅವರು ತಮ್ಮ ಜೀವಿತಕಾಲದಲ್ಲಿ ಈ ಕಾದಂಬರಿಯನ್ನು ಚಲನಚಿತ್ರವಾಗಿಸಲು ಒಪ್ಪಲಿಲ್ಲ. ನಾಟಕ ರೂಪಕ್ಕೆ ಮಾತ್ರ ಒಪ್ಪಿಗೆ ದೊರೆಯಿತು. ಅದನ್ನು 1960ರಲ್ಲಿ ರಂಗಕ್ಕೆ ಅಳವಡಿಸಿದವರು ಸಾಂತಾ ರಾಮ ರಾವ್. ಇವರ ತಂದೆ ಬೆನಗಲ್ ರಾಮ ರಾವ್ ಅವರು ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಬೆನಗಲ್ ಮನೆತನದ ಮೂಲ ದಕ್ಷಿಣ ಕನ್ನಡದ ಕರಾವಳಿ. 1970ರಲ್ಲಿ ಫಾರ್ಸ್ಟರ್ ನಿಧನರಾದ ನಂತರ ಕೃತಿಯ ಹಕ್ಕುಗಳು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಕೈಗೆ ಬಂದವು. ನಿರ್ಮಾಪಕರಾದ ಜಾನ್ ಬ್ರೇಬೋರ್ನ್ ಮತ್ತು ರಿಚರ್ಡ್ ಗುಡ್ವಿನ್ ಚಿತ್ರೀಕರಣದ ಹಕ್ಕನ್ನು ಪಡೆದು ಲೀನ್ ಅವರನ್ನು ನಿರ್ದೇಶಕರನ್ನಾಗಿ ಆರಿಸಿದರು. 1970ರ ರಯನ್ಸ್ ಡಾಟರ್ ಚಿತ್ರದ ಬಳಿಕ ಹದಿನಾಲ್ಕು ವರ್ಷಗಳವರೆಗೆ ಲೀನ್ ಅವರ ಯಾವ ಕಥಾಚಿತ್ರವೂ ತೆರೆಕಂಡಿರಲಿಲ್ಲ.

ಕಥೆಯ ತಿರುಳು ಇಷ್ಟು: ಇಂಗ್ಲೆಂಡಿನಿಂದ ಬಂದ ಅಡೆಲಾ ಕ್ವೆಸ್ಟೆಡ್ ಎಂಬ ಯುವತಿ ಮತ್ತು ವೃದ್ಧೆ ಶ್ರೀಮತಿ ಮೂರ್ ಅವರನ್ನು ಡಾ. ಅಜೀಜ್ ಮಾರಬಾರ್ ಗುಹೆಗಳ ವೀಕ್ಷಣೆಗೆ ಕರೆದೊಯ್ಯುತ್ತಾನೆ. ಒಂದು ಗುಹೆಯೊಳಗೆ ತನ್ನ ಮೇಲೆ ಹಲ್ಲೆ ನಡೆಯಿತೆಂದು ಅಡೆಲಾ ದೂರುತ್ತಾಳೆ; ವಿಚಾರಣೆಯ ವೇಳೆ ನ್ಯಾಯಾಲಯದಲ್ಲಿ ಆ ದೂರನ್ನು ಹಿಂತೆಗೆದುಕೊಳ್ಳುತ್ತಾಳೆ. ಗುಹೆಯಲ್ಲಿ ನಿಜವಾಗಿ ಏನಾಯಿತೆಂಬುದನ್ನು ಫಾರ್ಸ್ಟರ್ ಕೊನೆಯವರೆಗೂ ಹೇಳುವುದಿಲ್ಲ. ಹೀಗಾಗಿ ಗುಹೆ ಈ ಕಥೆಯಲ್ಲಿ ಒಂದು ಹಿನ್ನೆಲೆಯಾಗಿ ಉಳಿಯದೆ ಪಾತ್ರವೇ ಆಗಿಬಿಟ್ಟಿದೆ. ಚಿತ್ರತಂಡಕ್ಕೆ ಸರಿಯಾದ ಬೆಟ್ಟ ದೊರೆಯುವುದು ಸರಿಯಾದ ನಟರು ದೊರೆಯುವಷ್ಟೇ ಮುಖ್ಯವಾಗಿತ್ತು. ಅಡೆಲಾ ಪಾತ್ರದಲ್ಲಿ ಜೂಡಿ ಡೇವಿಸ್, ಶ್ರೀಮತಿ ಮೂರ್ ಆಗಿ ಪೆಗ್ಗಿ ಆಶ್‌ಕ್ರಾಫ್ಟ್, ಅಜೀಜ್ ಆಗಿ ವಿಕ್ಟರ್ ಬ್ಯಾನರ್ಜಿ, ಕಾಲೇಜಿನ ಪ್ರಾಂಶುಪಾಲ ಫೀಲ್ಡಿಂಗ್ ಆಗಿ ಜೇಮ್ಸ್ ಫಾಕ್ಸ್ ಅಭಿನಯಿಸಿದರು. ಪ್ರೊಫೆಸರ್ ಗೋಡ್ಬೋಲೆಯ ಪಾತ್ರವನ್ನು ಆಂಗ್ಲ ನಟ ಅಲೆಕ್ ಗಿನೆಸ್ ಅವರಿಗೆ ನೀಡಿದ್ದು ಆಗಲೂ ಈಗಲೂ ಟೀಕೆಗೆ ಗುರಿಯಾಗಿದೆ. ಆ ಟೀಕೆ ನ್ಯಾಯವಾದದ್ದೇ.

ಕಾದಂಬರಿಯ ಮೂಲಸ್ಥಳ: ಬರಾಬರ್ ಗುಹೆಗಳು

ಮಾರಬಾರ್ ಗುಹೆಗಳಿಗೆ ಪ್ರೇರಣೆಯಾದವು ಬಿಹಾರದ ಜಹಾನಾಬಾದ್ ಜಿಲ್ಲೆಯಲ್ಲಿ, ಗಯಾ ನಗರದ ಉತ್ತರಕ್ಕಿರುವ ಬರಾಬರ್ ಗುಹೆಗಳು. ಫಾರ್ಸ್ಟರ್ 1912–13ರ ತಮ್ಮ ಮೊದಲ ಭಾರತ ಪ್ರವಾಸದಲ್ಲಿ ಇವುಗಳನ್ನು ನೋಡಿದ್ದರು. ಚಂದ್ರಾಪುರಕ್ಕೆ ಮಾದರಿ ಪಾಟ್ನಾಕ್ಕೆ ಸೇರಿದ ಬಾಂಕಿಪುರ. ಫಾರ್ಸ್ಟರ್ ಯಾರಿಗೆ ಕಾದಂಬರಿಯನ್ನು ಅರ್ಪಿಸಿದರೋ ಆ ಸ್ನೇಹಿತ ಸೈಯದ್ ರಾಸ್ ಮಸೂದ್ ಅಲ್ಲಿ ವಕೀಲಿ ವೃತ್ತಿಯಲ್ಲಿದ್ದರು.

ಬರಾಬರ್ ಗುಹೆಗಳು ಭಾರತದಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ ಅತ್ಯಂತ ಪ್ರಾಚೀನವಾದವು, ಕಾಲ ಕ್ರಿ.ಪೂ. ಮೂರನೆಯ ಶತಮಾನ. ಬರಾಬರ್ ಬೆಟ್ಟದಲ್ಲಿ ಸುದಾಮ, ಲೋಮಸ ಋಷಿ, ಕರ್ಣ ಚೌಪಾರ್, ವಿಶ್ವಕರ್ಮ ಎಂಬ ನಾಲ್ಕು ಗುಹೆಗಳಿವೆ. ಪಕ್ಕದ ನಾಗಾರ್ಜುನಿ ಬೆಟ್ಟದಲ್ಲಿ ಇನ್ನೂ ಮೂರು ಇವೆ. ಸುದಾಮ ಮತ್ತು ವಿಶ್ವಕರ್ಮ ಗುಹೆಗಳನ್ನು ಅಶೋಕ ಚಕ್ರವರ್ತಿ ತನ್ನ ಆಳ್ವಿಕೆಯ 12ನೆಯ ವರ್ಷದಲ್ಲಿ ಆಜೀವಿಕ ಪಂಥದ ಸನ್ಯಾಸಿಗಳಿಗೆ ದಾನಮಾಡಿದನೆಂದು ಅಲ್ಲಿನ ಶಾಸನಗಳು ತಿಳಿಸುತ್ತವೆ. ನಾಗಾರ್ಜುನಿಯ ಗುಹೆಗಳು ಅವನ ಮೊಮ್ಮಗ ದಶರಥನ ಕೊಡುಗೆ. ಇವುಗಳ ವೈಶಿಷ್ಟ್ಯ ಒಳಗೋಡೆಗಳ ನುಣುಪು. ಗಟ್ಟಿ ಗ್ರಾನೈಟ್ ಶಿಲೆಯನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಲಾಗಿದ್ದು, ಒಳಗೆ ಮಾತನಾಡಿದರೆ ದನಿ ಬಹಳ ಹೊತ್ತು ಮೊಳಗುತ್ತದೆ. ಫಾರ್ಸ್ಟರ್ ಈ ಹೊಳಪನ್ನೂ ಪ್ರತಿಧ್ವನಿಯನ್ನೂ ಎತ್ತಿಕೊಂಡು, ಚರಿತ್ರೆಯನ್ನು ಬಿಟ್ಟುಬಿಟ್ಟರು. ಅವರ ಮಾರಬಾರ್ ಗುಹೆಗಳಿಗೆ ಶಾಸನವಿಲ್ಲ, ಶಿಲ್ಪವಿಲ್ಲ, ದಾನಿಯ ಹೆಸರಿಲ್ಲ. ಏನು ಕೂಗಿದರೂ ಒಂದೇ ಬಗೆಯ ಮಂಕು ಸದ್ದು ಹಿಂದಿರುಗುತ್ತದೆ. ಸುಂದರವಾದ ಕೆತ್ತನೆಯ ಕಮಾನುಳ್ಳ ಲೋಮಸ ಋಷಿ ಗುಹೆಯ ಬಾಗಿಲನ್ನು ನೆನಪಿಟ್ಟುಕೊಂಡು ಕಾದಂಬರಿ ಓದುವವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಬರಾಬರ್ ಗುಹೆಗಳನ್ನು ದಾನಮಾಡಿದ ಅಶೋಕನ ಶಾಸನಗಳೇ ಕರ್ನಾಟಕದಲ್ಲಿ ಜಗಳೂರಿನ ಪೂರ್ವಕ್ಕಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೂ ಇವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಚಲನಚಿತ್ರಕ್ಕೂ ಈ ಶಾಸನಗಳಿಗೂ ನೇರ ಸಂಬಂಧವಿಲ್ಲವಾದರೂ ಮೂಲ ಗುಹೆಗಳ ಕಾಲವನ್ನು ಗ್ರಹಿಸಲು ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಇವು ಹತ್ತಿರದ ಆಧಾರ.

ಚಿತ್ರೀಕರಣದ ಪೂರ್ವಸಿದ್ಧತೆಯ ಸಮಯದಲ್ಲಿ ಲೀನ್ ಬರಾಬರ್‌ಗೆ ಹೋಗಿ ನೋಡಿದರು. ಆ ಬೆಟ್ಟಗಳು ಅವರಿಗೆ ತಗ್ಗಾಗಿ, ಆಕರ್ಷಣೆಯಿಲ್ಲದೆ ಕಂಡವು. ಆ ಪ್ರದೇಶದಲ್ಲಿ ಡಕಾಯಿತರ ಭಯವೂ ಇತ್ತು. ಮೂಲಸ್ಥಳವನ್ನು ಕೈಬಿಟ್ಟು ಬೇರೆ ಬೆಟ್ಟವನ್ನು ಹುಡುಕಲು ಇವೇ ಕಾರಣಗಳು. ಬರಾಬರ್‌ನ ಸೊಬಗು ಇರುವುದು ಒಳಗೆ; ಕ್ಯಾಮೆರಾಕ್ಕೆ ಬೇಕಾಗಿದ್ದುದು ದೂರದಿಂದಲೇ ನೋಡುವವರ ಎದೆಯಲ್ಲಿ ಅಳುಕು ಹುಟ್ಟಿಸುವ ಹೊರರೂಪ.

ಸಾವನದುರ್ಗ

ಸಾವನದುರ್ಗವು ಬೆಂಗಳೂರಿನ ಪಶ್ಚಿಮಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಮಾಗಡಿ ತಾಲ್ಲೂಕಿನಲ್ಲಿದೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿರುವ ಇದು ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾಗಿದೆ. ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಗುಡ್ಡಗಳು ಕೂಡಿ ಈ ದುರ್ಗವಾಗಿದೆ. ಸುತ್ತಲೂ ಕುರುಚಲು ಮತ್ತು ಎಲೆ ಉದುರುವ ಕಾಡು, ಸಮೀಪದಲ್ಲಿ ಅರ್ಕಾವತಿ ನದಿ ಹಾಗೂ ಮಂಚನಬೆಲೆ ಜಲಾಶಯ. ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರೇಶ್ವರ ಮತ್ತು ಲಕ್ಷ್ಮೀನರಸಿಂಹ ದೇವಾಲಯಗಳಿವೆ.

ಈ ಬಂಡೆಯ ಭೂವೈಜ್ಞಾನಿಕ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಲ್ಲಿ ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಊರಿಗೆ ಹೆಸರು ಬದಲಾದರೂ ಕಲ್ಲಿಗೆ ಹಳೆಯ ಹೆಸರೇ ಉಳಿಯಿತು. ಸುಮಾರು 250 ಕೋಟಿ ವರ್ಷಗಳ ಹಿಂದಿನ ಈ ಶಿಲೆಯು ದಕ್ಷಿಣದಲ್ಲಿ ರಾಮನಗರದ ಸೀಮೆಯಿಂದ ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ನೂರಾರು ಕಿ.ಮೀ. ಪಟ್ಟಿಯಾಗಿ ಹಬ್ಬಿದೆ. ಮಳೆ ಮತ್ತು ಬಿಸಿಲಿಗೆ ಪದರಪದರವಾಗಿ ಕಳಚುತ್ತ ಬಂದುದರಿಂದ ಬೆಟ್ಟಗಳು ಬೋಳಾಗಿ, ಗುಮ್ಮಟದಂತೆ ಉರುಟಾಗಿವೆ. ಮರಗಿಡಗಳಿಲ್ಲದ ಈ ಬೃಹತ್ ಮೈ, ಅದರ ಮೇಲೆ ಮಳೆನೀರು ಇಳಿದು ಮೂಡಿದ ಕಪ್ಪು ಗೆರೆಗಳು, ಬುಡದಲ್ಲಿ ಮುಳ್ಳುಪೊದೆ ಇವೆಲ್ಲ ಕಾದಂಬರಿಯಲ್ಲಿ ಬರುವ ಅತಿ ಪುರಾತನ ಬೆಟ್ಟದ ವರ್ಣನೆಗೆ ಬರಾಬರ್‌ಗಿಂತಲೂ ಚೆನ್ನಾಗಿ ಹೊಂದುತ್ತವೆ ಎಂದರೆ ತಪ್ಪಾಗದು.

ಬೆಟ್ಟವಿತ್ತು, ಆದರೆ ಗುಹೆಗಳಿರಲಿಲ್ಲ. ಚಿತ್ರತಂಡ ಬಂಡೆಯಲ್ಲಿ ಸಣ್ಣ ಪ್ರವೇಶದ್ವಾರಗಳನ್ನು ಕೊರೆಸಿತು. ತೆರೆಯ ಮೇಲೆ ಸಾಲಾಗಿ ಕಾಣುವ ಕಪ್ಪು ಬಾಯಿಗಳು ಇವೇ. ಆದ್ದರಿಂದ ಸಾವನದುರ್ಗದಲ್ಲಿ ‘ಮಾರಬಾರ್ ಗುಹೆ’ ಎಂಬ ಪ್ರಾಚೀನ ಸ್ಮಾರಕವನ್ನು ಹುಡುಕುವುದು ವ್ಯರ್ಥ. ಅವು ಇಪ್ಪತ್ತನೆಯ ಶತಮಾನದಲ್ಲಿ ಒಂದು ಚಲನಚಿತ್ರಕ್ಕಾಗಿ ತೆರೆದ ದ್ವಾರಗಳೇ ಹೊರತು ಸನ್ಯಾಸಿಗಳು ವಾಸವಾಗಿದ್ದ ಗುಹೆಗಳಲ್ಲ. ಮೌರ್ಯರ ಕಾಲದ ಶಿಲ್ಪಿಗಳು ಹೊರಗೋಡೆಯನ್ನು ಹಾಗೆಯೇ ಬಿಟ್ಟು ಒಳಗನ್ನು ಕನ್ನಡಿಯಾಗಿಸಿದ್ದರು. ಇಲ್ಲಿ ಚಿತ್ರತಂಡಕ್ಕೆ ಬೇಕಾಗಿದ್ದುದು ಬಾಗಿಲು ಮಾತ್ರ.

ಪ್ರವಾಸದ ದೃಶ್ಯಗಳಲ್ಲಿ ಅಲಂಕರಿಸಿದ ಆನೆಯೊಂದು ಇಬ್ಬರು ಆಂಗ್ಲ ಮಹಿಳೆಯರನ್ನು ಹೊತ್ತು, ಹಿಂದೆ ಊರ ಜನರ ದಿಬ್ಬಣದೊಡನೆ ಬೆಟ್ಟದತ್ತ ಸಾಗುತ್ತದೆ. ಬಂಡೆಯ ವಿಸ್ತಾರದ ಮುಂದೆ ಆನೆಯೇ ಪುಟ್ಟದಾಗಿ ಕಾಣುವಂತೆ ದೂರದಿಂದ ಕ್ಯಾಮೆರಾ ಇಡಲಾಗಿದೆ. ಛಾಯಾಗ್ರಾಹಕ ಅರ್ನೆಸ್ಟ್ ಡೇ ಅವರ ಕೆಲಸದಲ್ಲಿ ಇದೇ ಅತ್ಯುತ್ತಮ ಭಾಗ. ಅಡೆಲಾ ಗುಹೆಯಿಂದ ಹೊರಬಿದ್ದು ಕಳ್ಳಿಯ ಮುಳ್ಳುಗಳ ನಡುವೆ ಇಳಿಜಾರಿನಲ್ಲಿ ಓಡುವ ದೃಶ್ಯಕ್ಕೂ ಈ ಕಡಿದಾದ ನೆಲವೇ ಬಲ ಕೊಟ್ಟಿದೆ.

ಸಾವನದುರ್ಗಕ್ಕೆ ತನ್ನದೇ ಚರಿತ್ರೆಯೂ ಇದೆ. ಮಾಗಡಿಯ ಕೆಂಪೇಗೌಡರ ವಂಶದವರ ನೆಲೆಯಾಗಿದ್ದ ಈ ದುರ್ಗವು ಅನಂತರ ಮೈಸೂರಿನ ವಶಕ್ಕೆ ಬಂದಿತು. ಮೂರನೆಯ ಆಂಗ್ಲೋ–ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್‌ನಲ್ಲಿ, ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಇದನ್ನು ಟಿಪ್ಪು ಸುಲ್ತಾನನ ಸೈನ್ಯದಿಂದ ಕಿತ್ತುಕೊಂಡಿತು. ಸೇನೆಯ ಜೊತೆಯಲ್ಲಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟದ ಚಿತ್ರಗಳನ್ನು ಬರೆದು 1794ರಲ್ಲಿ ಪ್ರಕಟಿಸಿದರು. ಅಂದರೆ ಲೀನ್ ಬರುವುದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಆಂಗ್ಲರು ಈ ಬಂಡೆಯನ್ನು ಬೆರಗಿನಿಂದ ನೋಡಿ, ಚಿತ್ರಿಸಿ, ತಮ್ಮ ನಾಡಿನವರಿಗೆ ತೋರಿಸಿದ್ದರು. ಚಲನಚಿತ್ರದ ಆರಂಭದಲ್ಲಿ ಲಂಡನ್ನಿನ ಹಡಗು ಕಂಪನಿಯ ಕಚೇರಿಯ ಗೋಡೆಯ ಮೇಲೆ ಅಡೆಲಾ ಮಾರಬಾರ್ ಗುಹೆಗಳ ಚಿತ್ರವನ್ನು ಕಂಡು ನಿಲ್ಲುವುದುಂಟು. ಹೋಮ್ ಅವರ ಚಿತ್ರಗಳನ್ನು ಬಲ್ಲವರಿಗೆ ಆ ದೃಶ್ಯ ಬೇರೊಂದು ಅರ್ಥವನ್ನೂ ಹೊಳೆಯಿಸೀತು.

ರಾಮದೇವರಬೆಟ್ಟ

ಬೆಂಗಳೂರು–ಮೈಸೂರು ಹೆದ್ದಾರಿಯ ಬಳಿ, ರಾಮನಗರ ಪಟ್ಟಣಕ್ಕೆ ಹೊಂದಿಕೊಂಡಂತಿರುವ ರಾಮದೇವರಬೆಟ್ಟದಲ್ಲಿ ಮಾರಬಾರ್‌ನ ಉಳಿದ ದೃಶ್ಯಗಳನ್ನು ಚಿತ್ರೀಕರಿಸಲಾಯಿತು. ಇದೂ ಅದೇ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆಯ ಬೆಟ್ಟವಾದ್ದರಿಂದ ಎರಡು ಸ್ಥಳಗಳ ದೃಶ್ಯಗಳು ಜೋಡಣೆಯಲ್ಲಿ ಬೇರೆಯೆಂದು ತೋರುವುದಿಲ್ಲ. ಚಿತ್ರದ ಸಂಕಲನವನ್ನೂ ಲೀನ್ ಅವರೇ ಮಾಡಿದ್ದರು.

ಈ ಬೆಟ್ಟ ಚಿತ್ರರಂಗಕ್ಕೆ ಹೊಸದಾಗಿರಲಿಲ್ಲ. ರಮೇಶ್ ಸಿಪ್ಪಿ ನಿರ್ದೇಶನದ ಹಿಂದಿ ಚಿತ್ರ ಶೋಲೆಯ ‘ರಾಮ್‌ಗಢ’ ಹಳ್ಳಿ ಇಲ್ಲಿಯೇ ತಲೆಯೆತ್ತಿತ್ತು. 1973ರಲ್ಲಿ ಚಿತ್ರೀಕರಣ ಆರಂಭವಾದ ಆ ಚಿತ್ರ 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಅದಾದ ಹತ್ತು ವರ್ಷಗಳೊಳಗೆ ಅದೇ ಬಂಡೆಗಳು ಡಕಾಯಿತರ ಅಡಗುದಾಣದ ವೇಷ ಕಳಚಿ ಬಿಹಾರದ ಗುಹಾಬೆಟ್ಟವಾದವು. ಇಂದು ರಾಮದೇವರಬೆಟ್ಟಕ್ಕೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಕೇಳುವುದು ಶೋಲೆಯ ಜಾಗಗಳನ್ನು. ಹನ್ನೊಂದು ಆಸ್ಕರ್ ನಾಮನಿರ್ದೇಶನ ಪಡೆದ ಇಂಗ್ಲಿಷ್ ಚಿತ್ರವನ್ನು ಕೇಳುವವರು ಅಪರೂಪ.

ಬೆಂಗಳೂರು

ಚಂದ್ರಾಪುರದ ಮಾರುಕಟ್ಟೆ ಮತ್ತು ಬೀದಿಗಳನ್ನು ಕಲಾ ವಿನ್ಯಾಸಕ ಜಾನ್ ಬಾಕ್ಸ್ ಬೆಂಗಳೂರು ಅರಮನೆಯ ವಿಶಾಲ ಆವರಣದಲ್ಲಿ ನಿರ್ಮಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಟ್ಯೂಡರ್ ಶೈಲಿಯಲ್ಲಿ ಕಟ್ಟಿದ, ಮೈಸೂರು ಒಡೆಯರ್ ಮನೆತನಕ್ಕೆ ಸೇರಿದ ಈ ಅರಮನೆಯ ಒಳಭಾಗದಲ್ಲಿಯೂ ಕೆಲವು ದೃಶ್ಯಗಳ ಚಿತ್ರೀಕರಣ ನಡೆಯಿತು. ಚಿತ್ರತಂಡ 1983ರ ಕೊನೆಯ ಭಾಗದಲ್ಲಿ ಕೆಲಸ ಆರಂಭಿಸಿತು; ಕೆಲಸ ಮುಗಿದದ್ದು ಮರುವರ್ಷ.

ಒಂದು ದೇಶವನ್ನು ಇನ್ನೊಂದು ನೆಲದಲ್ಲಿ ಕಟ್ಟುವುದು ಲೀನ್ ಮತ್ತು ಬಾಕ್ಸ್ ಜೋಡಿಗೆ ಹೊಸತಲ್ಲ. ಸೋವಿಯತ್ ಒಕ್ಕೂಟದಲ್ಲಿ ಚಿತ್ರೀಕರಣ ಸಾಧ್ಯವಾಗದೆ ಹೋದಾಗ ಡಾಕ್ಟರ್ ಜಿವಾಗೊ ಚಿತ್ರಕ್ಕಾಗಿ ಸ್ಪೇನ್‌ನ ಮ್ಯಾಡ್ರಿಡ್ ಬಳಿ ಮಾಸ್ಕೋದ ಬೀದಿಯನ್ನೇ ಕಟ್ಟಿದವರು ಅವರು. ಬರ್ಮಾ–ಸಯಾಂ ಗಡಿಯ ಕಥೆಯಾದ ದಿ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್ ಚಿತ್ರವನ್ನು ಲೀನ್ ಸಿಲೋನಿನಲ್ಲಿ ತೆಗೆದಿದ್ದರು. ಆ ಸಾಲಿನಲ್ಲಿಟ್ಟು ನೋಡಿದರೆ ಗಂಗೆಯ ದಡದ ಊರು ಬೆಂಗಳೂರಿನಲ್ಲಿ ಎದ್ದದ್ದು ಅಚ್ಚರಿಯಲ್ಲ. ಬೀದಿ ಕೃತಕವಾದದ್ದರಿಂದ ಅದು ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದೆ ಎಂಬ ಆಕ್ಷೇಪ ಮಾತ್ರ ನಿಲ್ಲುವಂಥದ್ದು.

ನೀಲಗಿರಿ ರೈಲು

ಅಜೀಜ್ ಮತ್ತು ಅತಿಥಿಗಳು ಮಾರಬಾರ್‌ಗೆ ಹೋಗುವ ರೈಲಿನ ದೃಶ್ಯಗಳಿಗೆ ತಮಿಳುನಾಡಿನ ನೀಲಗಿರಿ ಪರ್ವತ ರೈಲು ಮಾರ್ಗ ಬಳಕೆಯಾಯಿತು. ಮೇಟ್ಟುಪಾಳಯಂನಿಂದ ಉದಕಮಂಡಲಕ್ಕೆ 46 ಕಿ.ಮೀ. ಸಾಗುವ ಈ ಮಾರ್ಗ 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಉದಕಮಂಡಲದವರೆಗೂ ತೆರೆಯಿತು. ಕಡಿದಾದ ಏರಿನಲ್ಲಿ ಹಳಿಗಳ ನಡುವಣ ಹಲ್ಲುಪಟ್ಟಿಗೆ ಎಂಜಿನ್ನಿನ ಹಲ್ಲುಚಕ್ರ ಸಿಕ್ಕಿಕೊಂಡು ಗಾಡಿಯನ್ನು ಮೇಲಕ್ಕೆ ತಳ್ಳುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇತುವೆಯ ಮೇಲೆ ಗಾಡಿ ಓಡುತ್ತಿರುವಾಗ ಅಜೀಜ್ ಉತ್ಸಾಹದಿಂದ ಹೊರಗೆ ಜೋತುಬೀಳುವ ದೃಶ್ಯ ಚಿತ್ರದ ಹೆಸರಾಂತ ಸನ್ನಿವೇಶಗಳಲ್ಲೊಂದು. ಬಿಹಾರದ ಬಯಲಿನಲ್ಲಿ ಇಂಥ ಘಟ್ಟದ ರೈಲು ಇರಲಾರದು ಎಂಬುದನ್ನು ಭೂಗೋಳ ಬಲ್ಲವರು ಗುರುತಿಸುತ್ತಾರೆ.

ಶ್ರೀನಗರ

ಕಾದಂಬರಿಗೆ ಮಸೀದಿ, ಗುಹೆಗಳು, ದೇವಾಲಯ ಎಂಬ ಮೂರು ಭಾಗಗಳಿವೆ. ಮೂರನೆಯ ಭಾಗ ಮೌ ಎಂಬ ಕಲ್ಪಿತ ಹಿಂದೂ ಸಂಸ್ಥಾನದಲ್ಲಿ, ಕೃಷ್ಣ ಜನ್ಮಾಷ್ಟಮಿಯ ಉತ್ಸವದ ನಡುವೆ ನಡೆಯುತ್ತದೆ. ಫಾರ್ಸ್ಟರ್ 1921ರಲ್ಲಿ ದೇವಾಸ್ ಸಂಸ್ಥಾನದ ಮಹಾರಾಜರ ಕಾರ್ಯದರ್ಶಿಯಾಗಿದ್ದಾಗ ಕಂಡ ಉತ್ಸವವೇ ಇದಕ್ಕೆ ಆಧಾರ. ಲೀನ್ ಈ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಿ, ಅಜೀಜ್ ಮತ್ತು ಫೀಲ್ಡಿಂಗ್ ಅವರ ಪುನರ್ಮಿಲನವನ್ನು ಕಾಶ್ಮೀರಕ್ಕೆ ಸಾಗಿಸಿದರು. ಹಿಮಪರ್ವತಗಳ ಹಿನ್ನೆಲೆ ಕಣ್ಣಿಗೆ ತಂಪು. ಆದರೆ ಈ ಬದಲಾವಣೆ ಸಾವನದುರ್ಗದ ಬದಲಾವಣೆಯಂಥದ್ದಲ್ಲ. ಸಾವನದುರ್ಗದಲ್ಲಿ ಸ್ಥಳ ಬದಲಾದರೂ ಕಥೆಯ ಅರ್ಥ ಉಳಿಯಿತು. ಇಲ್ಲಿ ಸ್ಥಳದೊಂದಿಗೆ ಅರ್ಥವೂ ಬದಲಾಯಿತು: ಆಳುವವರು ಮತ್ತು ಆಳಿಸಿಕೊಳ್ಳುವವರ ನಡುವೆ ಸ್ನೇಹ ಈಗಲೇ ಸಾಧ್ಯವಿಲ್ಲ ಎಂಬ ಕಾದಂಬರಿಯ ಕಠಿಣ ಮುಕ್ತಾಯ ಚಿತ್ರದಲ್ಲಿ ಮೆತ್ತಗಾಗಿ, ಇಬ್ಬರೂ ರಾಜಿಯಾಗುತ್ತಾರೆ. ಚಿತ್ರವನ್ನು ನೋಡಿ ಕಾದಂಬರಿಯ ಕುರಿತು ಉತ್ತರ ಬರೆಯುವ ವಿದ್ಯಾರ್ಥಿಗಳು ಎಡವುವುದು ಬಹುತೇಕ ಇಲ್ಲಿಯೇ.

ಇನ್ನೊಂದು ಸೇರ್ಪಡೆಯನ್ನೂ ಗಮನಿಸಬೇಕು. ಅಡೆಲಾ ಒಂಟಿಯಾಗಿ ಸೈಕಲ್ ಏರಿ ಹೋಗಿ, ಪಾಳುಬಿದ್ದ ಗುಡಿಯ ಮಿಥುನಶಿಲ್ಪಗಳನ್ನು ನೋಡಿ, ಕೋತಿಗಳಿಗೆ ಹೆದರಿ ಓಡಿಬರುವ ಪ್ರಸಂಗ ಕಾದಂಬರಿಯಲ್ಲಿ ಇಲ್ಲ.

ಮನ್ನಣೆ

1985ರಲ್ಲಿ ನಡೆದ 57ನೆಯ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ಚಿತ್ರಕ್ಕೆ 11 ನಾಮನಿರ್ದೇಶನಗಳು ದೊರೆತು, ಎರಡು ಪ್ರಶಸ್ತಿಗಳು ಬಂದವು: ಅತ್ಯುತ್ತಮ ಪೋಷಕ ನಟಿ (ಪೆಗ್ಗಿ ಆಶ್‌ಕ್ರಾಫ್ಟ್) ಮತ್ತು ಅತ್ಯುತ್ತಮ ಸಂಗೀತ (ಮಾರಿಸ್ ಜಾರ್). ಛಾಯಾಗ್ರಹಣ ಮತ್ತು ಕಲಾ ನಿರ್ದೇಶನಗಳು ನಾಮನಿರ್ದೇಶನಗೊಂಡಿದ್ದವು. ಬೆಟ್ಟ ಮತ್ತು ಬೀದಿಗಳ ಪಾಲು ಈ ಎರಡರಲ್ಲಿಯೂ ಇದೆ.

ಸ್ಥಳಗಳ ಇಂದಿನ ಸ್ಥಿತಿ

ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯ ನೆನಪು ಆಗುಂಬೆಯಲ್ಲಿ ಇಂದಿಗೂ ಹಸಿರಾಗಿದೆ. ಅದರಲ್ಲಿ ಕಾಣಿಸಿಕೊಂಡ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ಸಾವನದುರ್ಗಕ್ಕೆ ಲೀನ್ ಅವರ ಚಿತ್ರದಿಂದ ಅಂಥ ಗುರುತು ದೊರೆಯಲಿಲ್ಲ. ಕಾರಣ ಸರಳ: ತೆರೆಯ ಮೇಲೆ ಅದು ತನ್ನ ಹೆಸರಿನಲ್ಲಿ ಎಲ್ಲಿಯೂ ಕಾಣಿಸಿಕೊಂಡಿಲ್ಲ.

ರಾಮದೇವರಬೆಟ್ಟದ ಸ್ಥಿತಿ ಬೇರೆ. ಅಲ್ಲಿನ ಬಂಡೆಗಳ ಸಂದುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಕರುಗಳಿಗೆ ನೀಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಔಷಧವು ಸತ್ತ ಪ್ರಾಣಿಗಳ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, 1990ರ ದಶಕದಿಂದ ದೇಶದಾದ್ಯಂತ ಅವುಗಳ ಸಂತತಿ ಕುಸಿಯಿತು. 2006ರಲ್ಲಿ ಭಾರತ ಸರ್ಕಾರ ಈ ಔಷಧದ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. 2012ರಲ್ಲಿ ಕರ್ನಾಟಕ ಸರ್ಕಾರ ರಾಮದೇವರಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲಿ ರಣಹದ್ದುಗಳಿಗಾಗಿಯೇ ಘೋಷಿತವಾದ ಮೊದಲ ಧಾಮ ಇದು. ಶೋಲೆ ಮತ್ತು ಎ ಪ್ಯಾಸೇಜ್ ಟು ಇಂಡಿಯಾ ಚಿತ್ರಗಳ ಕಾಲದಲ್ಲಿ ಇಂಥ ರಕ್ಷಣೆ ಇರಲಿಲ್ಲ. ಈಗ ಅಲ್ಲಿ ಬಂಡೆ ಕೊರೆಯುವುದಾಗಲಿ ಹಳ್ಳಿಯ ಸೆಟ್ ಹಾಕುವುದಾಗಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧಕ್ಕೆ ಒಳಪಡುತ್ತದೆ. ಬೆಟ್ಟದ ಮೇಲಿನ ರಾಮ ದೇವಾಲಯಕ್ಕೆ ಭಕ್ತರು ಹಗಲು ಹೊತ್ತಿನಲ್ಲಿ ಹೋಗಿಬರಬಹುದು.

ಸಾವನದುರ್ಗದ ಕಾಡು ಮತ್ತು ಬಂಡೆಗಳಲ್ಲಿ ದಕ್ಷಿಣ ಭಾರತದ ಕಲ್ಲುಗುಡ್ಡಗಳಿಗೆ ಸೀಮಿತವಾದ ಹಳದಿ ಕೊರಳಿನ ಪಿಕಳಾರ ಹಕ್ಕಿ ಕಂಡುಬರುತ್ತದೆ. ಮಾಗಡಿಯಿಂದ ಬೆಟ್ಟದ ಬುಡದ ದೇವಾಲಯಗಳವರೆಗೆ ರಸ್ತೆಯಿದೆ. ಮೇಲೆ ಹತ್ತುವ ದಾರಿಯ ಹೆಚ್ಚಿನ ಭಾಗ ಬರಿಯ ಬಂಡೆಯೇ ಆಗಿದ್ದು, ಮಳೆಗಾಲದಲ್ಲಿ ಜಾರುತ್ತದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ.